ಮೀನಿಗೆ ಒಪ್ಪಿದ ವೈನು

ಆ ಬಾಟಲಿಯನ್ನು ಡ್ರೈವಿಂಗ್ ಮೇಷ್ಟರು ತಮ್ಮ ಕಾರಿನ ಡಿಕ್ಕಿಯಲ್ಲೇ ಇಟ್ಟು ಬೀಗ ಹಾಕಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಅವರು ಅದನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದರು. ಆ ಕಟ್ಟಡದಲ್ಲಿ ಕೈಯಲ್ಲಿ ಏನಾದರೂ ಹಿಡಿದು ಮೆಟ್ಟಿಲು ಹತ್ತುವುದೂ ಒಂದೇ, ಬೀದಿಯಲ್ಲಿ ನಿಂತು ಡಂಗುರ ಸಾರುವುದೂ ಒಂದೇ.

ಬಾಟಲಿ ಕೊಟ್ಟವರು ಹಲ್ಲಿನ ಡಾಕ್ಟರಮ್ಮ. ಗಂಡನಿಂದ ಬೇರೆಯಾಗಿ ಸುಮಾರು ವರ್ಷವಾಗಿತ್ತು, ಒಬ್ಬರೇ ಇದ್ದರು. ಕಾರು ಕಲಿಯಲು ಮೇಷ್ಟರ ಬಳಿ ಬಂದರು. ಕಲಿಸುತ್ತ ಕಲಿಸುತ್ತ ಮೇಷ್ಟರ ಎದೆ ನ್ಯೂಟ್ರಲ್‌ನಲ್ಲಿ ನಿಲ್ಲದಂತಾಯಿತು. ನಲವತ್ತು ದಾಟಿದ ಗಂಡಸು, ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರವರಿಗೆಲ್ಲ ‘ನಿಧಾನ, ನಿಧಾನ’ ಎಂದವರು, ಹೋದ ವಾರ ಒಂದು ಕೆಂಪು ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದಂತೆ, “ನನ್ನನ್ನ ಮದುವೆ ಆಗ್ತೀರಾ?” ಎಂದು ಕೇಳಿಬಿಟ್ಟರು. ಡಾಕ್ಟರಮ್ಮ ಕ್ಲಚ್ಚಿನಿಂದ ಕಾಲು ತೆಗೆದರು, ಇಂಜಿನ್ ಕೆಮ್ಮಿ ನಿಂತಿತು, ಹಿಂದಿದ್ದ ಗಾಡಿಗಳೆಲ್ಲ ಒಟ್ಟಿಗೆ ಅರಚಿಕೊಂಡವು. “ಯೋಚನೆ ಮಾಡಿ ಹೇಳ್ತೀನಿ” ಎಂದರು ಅವರು.

ಆ ಭಾನುವಾರ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ಬಂದು, ಕಿಟಕಿಯಿಂದಲೇ ಬಾಟಲಿ ಚಾಚಿದರು.

“ಯಾರೋ ಪೇಷೆಂಟು ಫ್ರಾನ್ಸಿಂದ ತಂದುಕೊಟ್ಟಿದ್ದು. ಬಿಳಿ ವೈನು. ಸಂಜೆ ನಿಮ್ಮ ಮನೆಗೆ ಊಟಕ್ಕೆ ಬರ್ತೀನಿ. ನಿಮಗೆ ಹೇಗೆ ತೋಚುತ್ತೋ ಹಾಗೆ ಕೊಡಿ. ಊಟ ಆದ್ಮೇಲೆ ನನ್ನ ಉತ್ತರ ಹೇಳ್ತೀನಿ.”

ಇಷ್ಟೇ ಹೇಳಿ, ನಕ್ಕು, ಹೊರಟುಹೋದರು. ಆ ನಗುವನ್ನೇ ನೆನೆಯುತ್ತ ಮೇಷ್ಟರು ಮೊದಲ ಮಹಡಿಯವರೆಗೆ ಹತ್ತಿದರು.

ಮೊದಲ ಮಹಡಿಯಲ್ಲಿ ಔಷಧಿ ಅಂಗಡಿಯವರು ಪೇಪರು ಓದುತ್ತ ಬಾಗಿಲಲ್ಲೇ ಕೂತಿದ್ದರು. ಅವರು ಗುಳಿಗೆ ಮಾರುವವರಾದರೂ ಲೋಕದ ಸಕಲ ವಿಷಯದ ಬಗ್ಗೆಯೂ ಚೀಟಿ ಬರೆದುಕೊಡಬಲ್ಲವರು.

“ಏನ್ರೀ ಅದು? ಕೊಡಿ ಇಲ್ಲಿ” ಎಂದು ಬಾಟಲಿ ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ ಲೇಬಲ್ಲು ಓದಿದರು. ವಿಷಯ ಕೇಳಿದರು. ಕೇಳಿದ್ದೇ ಎದ್ದು ನಿಂತರು. “ಅಯ್ಯೋ ಪುಣ್ಯಾತ್ಮ! ಇದು ಉಡುಗೊರೆ ಅಲ್ಲಾ ರೀ, ಪರೀಕ್ಷೆ! ‘ಹೇಗೆ ತೋಚುತ್ತೋ ಹಾಗೆ ಕೊಡಿ’ ಅಂದ್ರೆ ಏನರ್ಥ? ನಿಮಗೆ ಏನು ತೋಚುತ್ತೆ ಅಂತ ನೋಡೋಣ ಅಂತ!”

“ಹಂಗಂತೀರಾ?”

“ಇನ್ನೇನು ಮತ್ತೆ? ಫ್ರಾನ್ಸಿನವರು ವೈನಿಗೂ ಊಟಕ್ಕೂ ಜೋಡಿ ನೋಡ್ತಾರೆ. ತಪ್ಪು ಜೋಡಿ ಮಾಡಿದವನನ್ನ ಮನುಷ್ಯ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಡಾಕ್ಟರಮ್ಮ ಓದಿದವರು. ನಡೀರಿ, ನಡೀರಿ.”

ಮೇಷ್ಟರು ನೆಲಕ್ಕೆ ಬಲಗಾಲು ಒತ್ತಿ ಹಿಡಿದರು. ಗಾಬರಿಯಾದಾಗಲೆಲ್ಲ ಅವರ ಕಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಆದರೆ ಔಷಧಿ ಅಂಗಡಿಯವರಿಗೆ ಯಾವ ಬ್ರೇಕೂ ಹಿಡಿಯುವುದಿಲ್ಲ. ಬಾಟಲಿ ಹಿಡಿದು ಅವರು ಮುಂದೆ, ಮೇಷ್ಟರು ಹಿಂದೆ.

ಮನೆಯಲ್ಲಿ ಮೇಷ್ಟರ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತವಳು; ಇವನಿಗೊಂದು ಜೊತೆ ಸಿಕ್ಕರೆ ಮಗಳ ಮನೆಗೆ ಹೋಗಿ ಮೊಮ್ಮಕ್ಕಳ ಜೊತೆ ಹಾಯಾಗಿರಬಹುದು ಎಂದು ಕಾದವಳು. ವಿಷಯ ಕೇಳಿ, “ಬರ್ತಾರೆ, ಊಟ ಮಾಡ್ತಾರೆ, ಅದನ್ನ ಲೋಟಕ್ಕೆ ಸುರಿದು ಕೊಟ್ರಾಯ್ತು. ಅದಕ್ಯಾಕೆ ಇಷ್ಟು ಪಂಚಾಯ್ತಿ?” ಎಂದಳು.

“ಲೋಟಕ್ಕಾ!” ಎಂದು ಔಷಧಿ ಅಂಗಡಿಯವರು ಎದೆ ಹಿಡಿದುಕೊಂಡರು.

ಆ ಕೂಗಿಗೆ ಮೇಲಿನ ಮಹಡಿಯ ದೊಡ್ಡಮ್ಮ ಇಳಿದು ಬಂದರು. ಅವರು ಯಾರಿಗೂ ದೊಡ್ಡಮ್ಮನಲ್ಲ, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ಹಡಗಿನಲ್ಲಿ ಅಡುಗೆ ಮೇಲ್ವಿಚಾರಕರಾಗಿದ್ದ ಗಂಡನ ಜೊತೆ ಒಮ್ಮೆ ಸಮುದ್ರ ದಾಟಿ ಬಂದದ್ದರಿಂದ ಪರದೇಶದ ವಿಷಯ ಬಂದಾಗಲೆಲ್ಲ ಅವರದೇ ಕೊನೆಯ ಮಾತು. ಅವರ ಹಿಂದೆಯೇ ಕೆಳಗಿನ ಬೇಕರಿಯಣ್ಣ, ಕೈಗೆ ಮೈದಾ ಹಿಟ್ಟು ಮೆತ್ತಿಕೊಂಡೇ ಬಂದ. ಯಾರು ಕರೆದರು ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಹಾಗೆ ಕೇಳುವ ಪದ್ಧತಿ ಇರಲಿಲ್ಲ.

ಔಷಧಿ ಅಂಗಡಿಯವರು ಮೊಬೈಲು ನೋಡುತ್ತ ಪಾಠ ಶುರು ಮಾಡಿದರು. “ಕೇಳಿ. ಇದು ಒಂದು ದ್ರಾಕ್ಷಿಯ ವೈನಲ್ಲ, ಮೂರು ದ್ರಾಕ್ಷಿಯ ಮಿಶ್ರಣ. ಸೋವಿನ್ಯೋಂ ಅಂತ ಒಂದು, ಅದು ಹುಳಿ, ಚುರುಕು, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಸೆಮಿಯೋಂ ಅಂತ ಇನ್ನೊಂದು, ಅದು ದಪ್ಪ, ಮೆತ್ತಗೆ, ಜೇನಿನ ಹಾಗೆ. ಮೂರನೇದು ಮುಸ್ಕದೆಲ್, ಒಂದು ಚೂರೇ ಚೂರು, ಹೂವಿನ ಘಮಕ್ಕೆ. ಒಂದು ಇನ್ನೊಂದರ ಕೊರತೆ ತುಂಬುತ್ತೆ.”

“ನಮ್ಮ ಮನೇಲಿ ಅತ್ತೆ, ಮಾವ, ನಾನು ಇದ್ದ ಹಾಗೆ” ಎಂದ ಬೇಕರಿಯಣ್ಣ.

“ಇದರ ಜೊತೆ ಏನು ತಿನ್ನಬೇಕಂತೆ?” ಮೇಷ್ಟರು ಕೇಳಿದರು. ಅವರಿಗೆ ಬೇಕಾದದ್ದು ಅಷ್ಟೇ.

“ಅದರಲ್ಲೇ ಇರೋದು ಗಮ್ಮತ್ತು. ಒಬ್ಬ ಮೀನು ಅಂತಾನೆ, ಒಬ್ಬ ಕೋಳಿ ಅಂತಾನೆ, ಇನ್ನೊಬ್ಬ ಮೇಕೆ ಹಾಲಿನ ಚೀಸು ಅಂತಾನೆ. ನಮ್ಮ ನಾಲಿಗೆಗೆ ಹಚ್ಚಿ ನೋಡದೆ ಹೇಳೋಕಾಗುತ್ತಾ?”

ಅನಾಹುತ ಹುಟ್ಟಿದ್ದು ಈ ಮಾತಿನಲ್ಲಿ.

“ತೆಗೆದ್ರೆ ಸಂಜೆಗೆ ಏನು ಗತಿ?” ಮೇಷ್ಟರು ಬಾಟಲಿಗೆ ಅಡ್ಡ ನಿಂತರು.

“ಒಂದೊಂದು ಗುಟುಕು, ಮಾರಾಯ್ರೇ! ಗುಬ್ಬಿ ಕುಡಿದ ಹಾಗೆ. ಸಂಜೆ ನೀವು ತಪ್ಪು ಊಟ ಮುಂದಿಟ್ಟು, ಅವರು ಎದ್ದು ಹೋದ್ರೆ ಆಗ ಬಾಟಲಿ ತುಂಬ ವೈನಿಟ್ಕೊಂಡು ಏನು ಮಾಡ್ತೀರಿ, ಗಾಯ ತೊಳೀತೀರಾ?”

ಮದುವೆಯ ಆಸೆ ಇರುವವನನ್ನು ಹೆದರಿಸುವುದು ಎಷ್ಟು ಹೊತ್ತಿನ ಕೆಲಸ? ಮೇಷ್ಟರು ಪಕ್ಕಕ್ಕೆ ಸರಿದರು. ಬೇಕರಿಯಣ್ಣ ಬಿರಡೆಗೆ ಒಂದು ಸ್ಕ್ರೂ ತಿರುಪಿ, ಇಕ್ಕಳ ಹಾಕಿ, ಬಾಟಲಿಯನ್ನು ಕಾಲುಗಳ ನಡುವೆ ಹಿಡಿದು, “ಹೂಂ!” ಎಂದು ಎಳೆದ. ಬಿರಡೆ ಬಂತು, ಅವನು ಸೋಫಾ ಮೇಲೆ ಬಿದ್ದ. ಬಾಟಲಿಯನ್ನು ಹಾರಿ ಹಿಡಿದದ್ದು ದೊಡ್ಡಮ್ಮ, ಆ ವಯಸ್ಸಿನಲ್ಲಿ!

ಮೊದಲು ಬೇಕರಿಯಣ್ಣನ ಸರದಿ. ತನ್ನ ಅಂಗಡಿಯ ಕ್ರೀಮು ಕೇಕನ್ನೇ ತಂದ. ನೆರೆಯವರು ಮೂವರೂ ಒಂದು ತುಂಡು ತಿಂದು ಒಂದು ಗುಟುಕು ಕುಡಿದರು. ಮೇಷ್ಟರು ಕುಡಿಯಲಿಲ್ಲ, ಸ್ಟೀರಿಂಗು ಹಿಡಿಯುವ ವೃತ್ತಿಯವರು, ಜನ್ಮದಲ್ಲಿ ಮುಟ್ಟಿದವರಲ್ಲ. ಉಳಿದವರ ಮುಖಗಳನ್ನೇ ನೋಡುತ್ತ ನಿಂತರು. ಮೂರೂ ಮುಖಗಳು ಒಟ್ಟಿಗೆ ಕಿವುಚಿಕೊಂಡವು.

“ಥೂ! ಕೇಕಿನ ಸಿಹಿ ಮುಂದೆ ವೈನು ಹುಣಿಸೆ ನೀರಿನ ಹಾಗಾಯ್ತು” ಎಂದರು ದೊಡ್ಡಮ್ಮ. “ಸಿಹಿ ಬೇಡ, ಖಾರ ಬೇಕು. ನಾನು ತರ್ತೀನಿ ಇರಿ.”

ಮೆಣಸು ಸುರಿದು ಹುರಿದ ಆಲೂಗಡ್ಡೆ ಬಂತು. ಖಾರದ ಮೇಲೆ ವೈನು ಬಿದ್ದದ್ದೇ ಬಾಯಿಗೆ ಬೆಂಕಿ ಹತ್ತಿತು. ಬೆಂಕಿ ಆರಿಸಲು ಮತ್ತಷ್ಟು ವೈನು ಬೇಕಾಯಿತು. ಗುಬ್ಬಿಯ ಗುಟುಕು ಹೋಗಿ ಕಾಗೆಯ ಗುಟುಕಾಯಿತು, ಆಮೇಲೆ ಕೋಣನ ಗುಟುಕಾಯಿತು.

“ಸಾಕು ಸಾಕು! ಅರ್ಧಕ್ಕೆ ಬಂತು!” ಮೇಷ್ಟರು ಕೂಗಿದರು. ಕಾಲು ನೆಲವನ್ನು ಒತ್ತಿ ಒತ್ತಿ ನೋಯುತ್ತಿತ್ತು.

“ಅರ್ಧದಲ್ಲಿ ಬಿಟ್ರೆ ಇಲ್ಲೀವರೆಗಿನ ಶ್ರಮವೂ ನೀರು ಪಾಲು” ಎಂದರು ಔಷಧಿ ಅಂಗಡಿಯವರು, ಸ್ವಲ್ಪ ಕೆಂಪಗಾಗಿ. “ಕೋಳಿ ತರಿಸಿ.”

ಕೋಳಿ ಬಂತು. ಪರವಾಗಿಲ್ಲ ಎಂದಾಯಿತು. ‘ಪರವಾಗಿಲ್ಲ’ದಿಂದ ಯಾರಿಗಾದರೂ ಮದುವೆಯಾಗಿದೆಯೇ ಎಂದು ದೊಡ್ಡಮ್ಮ ಕೇಳಿದರು. ಆಗಿದೆ, ತನಗೇ ಆಗಿದೆ ಎಂದ ಬೇಕರಿಯಣ್ಣ. ಚೀಸು ಬಂತು. ಚೆನ್ನಾಗಿದೆ, ಆದರೆ ಚೀಸೇ ಊಟವಾಗುತ್ತದೆಯೇ? ಕೊನೆಗೆ ಅಕ್ಕ, ಇವರ ಕಾಟ ಮುಗಿದರೆ ಸಾಕೆಂದು, ಮಧ್ಯಾಹ್ನಕ್ಕೆ ಇಟ್ಟಿದ್ದ ಮೀನನ್ನು ಬೆಣ್ಣೆಯಲ್ಲಿ ಬಾಡಿಸಿ, ಮೇಲೆ ನಿಂಬೆ ಹಿಂಡಿ, ತಟ್ಟೆಗೆ ಹಾಕಿ ಕುಕ್ಕಿದಳು.

ತಿಂದರು. ಕುಡಿದರು. ಆ ಕಟ್ಟಡದಲ್ಲಿ ಮೂರು ಜನ ಸೇರಿ ಮೌನವಾಗಿದ್ದದ್ದು ಅದೇ ಮೊದಲು.

“ಅಮ್ಮಾ...” ಎಂದ ಬೇಕರಿಯಣ್ಣ, ಕಣ್ಣಲ್ಲಿ ನೀರು ತುಂಬಿಕೊಂಡು. “ನಿಂಬೆ ಆ ಹುಳಿ ದ್ರಾಕ್ಷಿಯ ಕೈ ಹಿಡೀತು, ಬೆಣ್ಣೆ ಆ ದಪ್ಪ ದ್ರಾಕ್ಷಿಯ ಕೈ ಹಿಡೀತು.”

“ಸಿಕ್ಕಿತು! ಮೀನೇ ಜೋಡಿ!” ಎಂದು ಔಷಧಿ ಅಂಗಡಿಯವರು ಮೇಜು ಗುದ್ದಿದರು. “ಖಚಿತ ಮಾಡ್ಕೊಳ್ಳೋಕೆ ಇನ್ನೊಂದ್ಸಲ.”

ಖಚಿತವಾಯಿತು. ಅನುಮಾನವೇ ಇಲ್ಲದಷ್ಟು ಖಚಿತವಾಯಿತು. ಮೇಷ್ಟರು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಆಚೆ ಬದಿಯ ಕ್ಯಾಲೆಂಡರಿನ ಅಕ್ಷರಗಳು ಸ್ಪಷ್ಟವಾಗಿ ಕಂಡವು.

“ಖಾಲಿ” ಎಂದರು ಮೇಷ್ಟರು. ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು. “ನನ್ನ ಮದುವೇನ ಕುಡಿದುಬಿಟ್ರಲ್ರೀ!”

ಆ ಬೀದಿಯ ವೈನಿನ ಅಂಗಡಿ ಭಾನುವಾರ ಮುಚ್ಚಿರುತ್ತಿತ್ತು. ತೆರೆದಿದ್ದರೂ ಇಂಥದ್ದು ಅಲ್ಲಿ ಸಿಗುತ್ತಿರಲಿಲ್ಲ. ಮೇಷ್ಟರು ಕುರ್ಚಿಯಲ್ಲಿ ಕುಸಿದರು. ಡಾಕ್ಟರಮ್ಮನ ನಗು, ಗೇರು ಬದಲಿಸುವಾಗ ಅವರು ತುಟಿ ಕಚ್ಚಿಕೊಳ್ಳುತ್ತಿದ್ದದ್ದು, ಎಲ್ಲ ನೆನಪಾಯಿತು. ಅಕ್ಕ ಬಂದು ತಮ್ಮನ ತಲೆ ಸವರಿ, “ನಿಜ ಹೇಳಿಬಿಡೋ. ಬಂದವರು ಕುಡಿದುಬಿಟ್ರು ಅಂತ ಹೇಳು. ನಗ್ತಾರೆ ಅಷ್ಟೇ” ಎಂದಳು. ಆದರೆ ಆ ಮನೆಯಲ್ಲಿ ಅಂದು ಸುಲಭದ ಮಾತಿಗೆ ಬೆಲೆ ಇರಲಿಲ್ಲ.

ಬೇಕರಿಯಣ್ಣ ಕೆಳಗೆ ಓಡಿ, ಅಡುಗೆಗೆ ಬಳಸುವ ಎರಡು ಬಾಟಲಿ ತಂದ. ಒಂದು ತೆಳ್ಳಗಿನ ಹುಳಿ ವೈನು, ಮೀನು ನೆನೆಹಾಕಲು. ಇನ್ನೊಂದು ಹಳದಿ, ದಪ್ಪ, ಸಪ್ಪೆ, ಸಾಸಿಗೆ. ದೊಡ್ಡಮ್ಮನ ಬೀರುವಿನಿಂದ ಒಂದು ಚಿಕ್ಕ ಸೀಸೆ ಬಂತು. ಸಿಹಿಯಾದದ್ದು, ಮುಚ್ಚಳ ತೆಗೆದರೆ ಇಡೀ ಕೋಣೆ ಮಲ್ಲಿಗೆ.

“ಮೂರೇ ತಾನೆ ಬೇಕಿದ್ದಿದ್ದು? ಫ್ರಾನ್ಸಿನವರು ಬೆರೆಸ್ತಾರೆ, ನಾವೂ ಬೆರೆಸೋಣ” ಎಂದು ಔಷಧಿ ಅಂಗಡಿಯವರು ಅಳತೆಯ ಗಾಜಿನ ಕೊಳವೆ ತಂದು ತೋಳೇರಿಸಿದರು. ಸಮಸ್ಯೆ ಏನೆಂದರೆ, ಅಷ್ಟು ಹೊತ್ತಿಗೆ ಅವರ ಮೂವರ ನಾಲಿಗೆಗಳೂ ರಜೆ ಹಾಕಿದ್ದವು. ಏನು ಬೆರೆಸಿದರೂ “ಅದ್ಭುತ!” ಎನ್ನುತ್ತಿದ್ದರು. ಔಷಧಿ ಅಂಗಡಿಯವರಂತೂ ಕೊಳವೆ ತೊಳೆದ ನೀರನ್ನೂ ಹೊಗಳಿದರು.

ಬೇರೆ ದಾರಿಯಿರಲಿಲ್ಲ. ಮೇಷ್ಟರು ಜೀವನದಲ್ಲಿ ಮೊದಲ ಸಲ ವೈನನ್ನು ನಾಲಿಗೆಗೆ ಮುಟ್ಟಿಸಿದರು. ಒಂದು ಹನಿ. ಬಾಯಾಡಿಸಿ ಉಗುಳಿದರು. ಹುಬ್ಬು ಮೇಲೆ ಹೋಯಿತು.

“ಇದು ಬರೀ ಆಕ್ಸಿಲರೇಟರು. ಮುಂದಕ್ಕೆ ನೆಗೀತದೆ, ಹಿಡಿತ ಇಲ್ಲ. ಆ ದಪ್ಪದ್ದು ಸ್ವಲ್ಪ ಹಾಕಿ.”

ಹಾಕಿದರು.

“ಈಗ ಎಳೀತಾ ಇಲ್ಲ. ಲೋಡು ಜಾಸ್ತಿ ಆಯ್ತು. ಹುಳಿ ಇನ್ನಷ್ಟು. ಹಾಂ... ಈಗ ಗಾಡಿ ರಸ್ತೆಗೆ ಕಚ್ಕೊಂಡು ಹೋಗ್ತಿದೆ. ಆ ಘಮ ಒಂದು ತೊಟ್ಟು. ಒಂದೇ! ಅದು ಹಾರ್ನು ಇದ್ದ ಹಾಗೆ, ಸುಮ್ಸುಮ್ನೆ ಹೊಡೀಬಾರದು.”

ಅಕ್ಕ ಬಾಗಿಲಲ್ಲಿ ನಿಂತು ತಮ್ಮನನ್ನು ಹೊಸಬನ ಹಾಗೆ ನೋಡಿದಳು. ಮೇಷ್ಟರಿಗೇ ಆಶ್ಚರ್ಯ. ಬೇರೆ ಬೇರೆ ಸೊಟ್ಟ ಸ್ವಭಾವದವು ಸೇರಿ ಒಂದು ನೆಟ್ಟಗಿನ ರುಚಿಯಾಗುವುದು ಅವರಿಗೆ ನಿಜಕ್ಕೂ ಹಿಡಿಸಿಬಿಟ್ಟಿತು. ಬೆರೆಸಿದ್ದನ್ನು ಫ್ರಾನ್ಸಿನ ಬಾಟಲಿಗೆ ಸುರಿದು, ಬಿರಡೆ ಒತ್ತಿ, ನೆಲ ಒರೆಸುವ ಬಕೆಟ್ಟನ್ನು ಚೆನ್ನಾಗಿ ತೊಳೆದು ಐಸು ತುಂಬಿ, ಅದರಲ್ಲಿ ಕೂರಿಸಿ ಮೇಲೆ ಟವೆಲ್ಲು ಸುತ್ತಿದರು. ದೊಡ್ಡಮ್ಮ ಉದ್ದ ಕಾಲಿನ ಗ್ಲಾಸು ಕೊಟ್ಟರು. ಔಷಧಿ ಅಂಗಡಿಯವರು ತಾಲೀಮು ಕೊಟ್ಟರು: ಗ್ಲಾಸಿನ ಕಾಲು ಹಿಡಿ, ಬೆಳಕಿಗೆ ಎತ್ತು, ತಿರುಗಿಸು, ಮೂಗು ಇಳಿಬಿಡು, ಕಣ್ಣು ಮುಚ್ಚು, ಸ್ವಲ್ಪ ಹೊತ್ತು ಸುಮ್ಮನಿರು, ಆಮೇಲೆ ಮಾತಾಡು.

ಸಂಜೆ ಡಾಕ್ಟರಮ್ಮ ಬಂದರು. ನೆರೆಯವರನ್ನು ಅಕ್ಕ ಮೊದಲೇ ಆಚೆ ಅಟ್ಟಿ ಬಾಗಿಲು ಹಾಕಿದ್ದಳು. ಅವರು ಕೆಳಗಿನ ಮೆಟ್ಟಿಲಲ್ಲಿ ಸಾಲಾಗಿ ಕೂತು ಉಸಿರು ಬಿಗಿ ಹಿಡಿದಿದ್ದರು.

“ಘಮಘಮ ಅಂತಿದೆ, ಹೊಟ್ಟೆ ಚುರುಗುಟ್ತಾ ಇದೆ, ಬೇಗ ಹಾಕಿ!” ಎನ್ನುತ್ತ ಚಪ್ಪಲಿ ಬಿಟ್ಟು ಒಳಗೆ ಬಂದ ಡಾಕ್ಟರಮ್ಮ, ಬಿಳಿ ಬಟ್ಟೆ ಹಾಸಿದ ಮೇಜನ್ನೂ ಉದ್ದ ಕಾಲಿನ ಗ್ಲಾಸುಗಳನ್ನೂ ನೋಡಿ ಒಂದು ಕ್ಷಣ ನಿಂತರು. ನಂತರ ಕೂತರು. ಅಕ್ಕ ಮತ್ತೆ ತರಿಸಿ ಬಾಡಿಸಿದ್ದ ಮೀನು ಬಡಿಸಿ ಅಡುಗೆಮನೆಗೆ ಸರಿದಳು.

ಮೇಷ್ಟರು ಸುರಿದರು. ಗ್ಲಾಸಿನ ಕಾಲು ಹಿಡಿದರು. ಬೆಳಕಿಗೆ ಎತ್ತಿದರು. ಡಾಕ್ಟರಮ್ಮ ಮುಳ್ಳುಚಮಚವನ್ನು ಮೀನಿನ ಹತ್ತಿರ ಒಯ್ಯುತ್ತಿದ್ದಂತೆಯೇ, “ಸ್ವಲ್ಪ ತಾಳಿ” ಎಂದರು ಮೇಷ್ಟರು. “ಮೊದಲು ಬಣ್ಣ ನೋಡಬೇಕು.”

ಚಮಚ ಅರ್ಧಕ್ಕೇ ನಿಂತಿತು.

ಮೇಷ್ಟರು ತಿರುಗಿಸಿದರು, ಮೂಗು ಇಳಿಬಿಟ್ಟರು, ಕಣ್ಣು ಮುಚ್ಚಿದರು. ಆಮೇಲೆ ಮಾತು ಶುರುವಾಯಿತು ನೋಡಿ! ಸೋವಿನ್ಯೋಂ ಹೇಗೆ ಮುಂದಕ್ಕೆ ನುಗ್ಗುತ್ತದೆ, ಸೆಮಿಯೋಂ ಹೇಗೆ ಹಿಡಿದು ನಿಲ್ಲಿಸುತ್ತದೆ, ಮುಸ್ಕದೆಲ್ ಯಾಕೆ ಅಷ್ಟೇ ಇರಬೇಕು. ಬೆಣ್ಣೆಗೆ ಯಾವುದು, ನಿಂಬೆಗೆ ಯಾವುದು. ಕೋಳಿ ಮಾಡಿದ್ದರೆ ಹೇಗೆ ವೈನು ಮಂಕಾಗುತ್ತಿತ್ತು, ಖಾರ ಹಾಕಿದ್ದರೆ ಹೇಗೆ ಸುಡುತ್ತಿತ್ತು. ತಾಲೀಮಿನಲ್ಲಿ ಇಲ್ಲದ್ದೂ ತಾನಾಗಿ ಬರುತ್ತಿತ್ತು. ಡಾಕ್ಟರಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದರು. ಬೆರಗಾಗಿದ್ದಾರೆ ಎಂದುಕೊಂಡ ಮೇಷ್ಟರು ಇನ್ನೂ ಎರಡು ಮಾತು ಸೇರಿಸಿದರು.

ಡಾಕ್ಟರಮ್ಮ ಕೊನೆಗೂ ತಿಂದರು, ಕುಡಿದರು. “ಮೀನು ತುಂಬಾ ಚೆನ್ನಾಗಿದೆ” ಎಂದರು. “ವೈನು ಅದಕ್ಕಿಂತ ಚೆನ್ನಾಗಿದೆ. ಇಷ್ಟು ಸರಿಯಾದ ಜೋಡಿ ನಾನು ಎಲ್ಲೂ ತಿಂದಿಲ್ಲ.” ಆಮೇಲೆ ಚಮಚ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. “ಮೇಷ್ಟ್ರೇ, ಗಂಡನ್ನ ಯಾಕೆ ಬಿಟ್ರಿ ಅಂತ ನೀವು ಒಂದ್ಸಲಾನೂ ಕೇಳಲಿಲ್ಲ.”

“ಕುಡೀತಿದ್ರಾ?” ಮೇಷ್ಟರು ಮೆಲ್ಲಗೆ ಕೇಳಿದರು.

“ಕುಡಿದಿದ್ರೆ ತಡ್ಕೋತಿದ್ದೆ. ಅವರು ಕುಡೀತಿರಲಿಲ್ಲ, ಮಾತಾಡ್ತಿದ್ರು! ಒಂದು ಗುಟುಕಿಗೆ ಒಂದು ಭಾಷಣ. ಮೀನು ಮಾಡಿದ್ರೆ ಈ ವೈನಿಗೆ ಕೋಳಿ ಆಗಬೇಕಿತ್ತು ಅನ್ನೋರು, ಕೋಳಿ ಮಾಡಿದ್ರೆ ವೈನಿಗೆ ಅವಮಾನ ಅನ್ನೋರು. ಮದುವೆ ಆದ್ಮೇಲೆ ನಾನು ಒಂದು ದಿನ ಬಿಸಿ ಊಟ ಮಾಡಲಿಲ್ಲ, ಗೊತ್ತಾ? ನಮ್ಮಪ್ಪ ಹೋದ ದಿನ ಎದುರಿಗೆ ಕೂತು ಅಳ್ತಾ ಇದ್ದೆ. ಅವರು ಗ್ಲಾಸು ಬೆಳಕಿಗೆ ಹಿಡಿದು ಬಣ್ಣ ನೋಡ್ತಾ ಇದ್ರು.”

ಮೇಷ್ಟರ ಕೈಯಲ್ಲಿದ್ದ ಗ್ಲಾಸು ಇನ್ನೂ ಬೆಳಕಿನ ಕಡೆಗೇ ಇತ್ತು. ಗಡಬಡಿಸಿ ಕೆಳಗಿಟ್ಟರು.

“ಅದಕ್ಕೇ ನಿಮಗೆ ಈ ಬಾಟಲಿ ಕೊಟ್ಟಿದ್ದು. ಟೀ ಕಪ್ಪಿಗೆ ಸುರಿದು, ‘ತಗೊಳ್ಳಿ ಡಾಕ್ಟರಮ್ಮ, ಊಟ ಆರೋಗುತ್ತೆ’ ಅಂತೀರಿ ಅಂದ್ಕೊಂಡಿದ್ದೆ. ಅಷ್ಟಂದಿದ್ರೆ ಸಾಕಿತ್ತು. ಹೂಂ ಅನ್ನೋಕೇ ಬಂದಿದ್ದೆ ಕಣ್ರೀ.”

“ಅಯ್ಯಯ್ಯೋ!” ಮೇಷ್ಟರು ಕುರ್ಚಿ ಉರುಳಿಸಿ ಎದ್ದರು. “ನಂಗೆ ವೈನಿನ ಗಂಧಗಾಳಿ ಇಲ್ಲ ಡಾಕ್ಟರಮ್ಮ! ನಿಮ್ಮಾಣೆ! ಇವತ್ತು ಬೆಳಿಗ್ಗೆವರೆಗೂ ಮುಟ್ಟಿದವನಲ್ಲ. ನಿಮ್ಮ ಬಾಟಲೀನ ನಮ್ಮ ಅಕ್ಕಪಕ್ಕದವರು ರುಚಿ ನೋಡ್ತೀವಿ ಅಂತ ಖಾಲಿ ಮಾಡಿದ್ರು. ಇದು ಬೇಕರಿಯ ಅಡುಗೆ ವೈನು, ದೊಡ್ಡಮ್ಮನ ಸೀಸೆ, ಎಲ್ಲ ಸೇರಿಸಿ ನಾನೇ ಬೆರೆಸಿದ್ದು!”

ಡಾಕ್ಟರಮ್ಮ ಗ್ಲಾಸು ನೋಡಿದರು. ಇನ್ನೊಂದು ಗುಟುಕು ಕುಡಿದು ಬಾಯಲ್ಲಿ ಇಟ್ಟುಕೊಂಡರು. ನುಂಗಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಮೇಷ್ಟರಿಗೆ ಹೋದ ಜೀವ ಬಂತು. ಅವರೂ ನಗಲು ಶುರು ಮಾಡಿದರು.

“ಇದನ್ನ ನೀವು ಬೆರೆಸಿದ್ರಾ? ಬೆಳಿಗ್ಗೆಯಿಂದ ಸಂಜೆ ಒಳಗೆ?”

“ಹೌದು!”

“ಆಯಪ್ಪ ವರ್ಷಗಟ್ಟಲೆ ಪುಸ್ತಕ ಓದಿ ಬರೀ ಮಾತು ಕಲಿತರು. ನೀವು ಒಂದೇ ದಿನದಲ್ಲಿ ವೈನನ್ನೇ ಮಾಡಿಬಿಟ್ಟಿದ್ದೀರಿ!” ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದು, ಮೇಷ್ಟರ ಭುಜ ತಟ್ಟಿದರು. “ಬೇಡಪ್ಪ. ಒಂದೇ ದಿನಕ್ಕೆ ಇಷ್ಟು ಭಾಷಣ ಅಂದ್ರೆ, ಹತ್ತು ವರ್ಷ ಆದ್ಮೇಲೆ ನಾನು ಏನೇನು ಕೇಳಿಸ್ಕೋಬೇಕಾಗುತ್ತೋ ಅಂತ ಈಗಲೇ ಹೆದರಿಕೆ ಆಗ್ತಿದೆ. ಒಳ್ಳೆಯವರು ನೀವು. ಬರ್ತೀನಿ.”

ಅವರು ಚಪ್ಪಲಿ ಮೆಟ್ಟಿ ಇಳಿದು ಹೋಗುವುದು ಕೇಳಿಸಿತು. ಮೆಟ್ಟಿಲಲ್ಲಿ ಕೂತವರು ದಾರಿ ಬಿಡುತ್ತ, “ಹೆಂಗಿತ್ತು?” ಎಂದು ಕೇಳಿದ್ದೂ, “ಇಂಥ ವೈನು ಕುಡಿದೇ ಇಲ್ಲ!” ಎಂದು ಅವರು ನಗುತ್ತ ಹೇಳಿದ್ದೂ ಕೇಳಿಸಿತು.

ಮರುಕ್ಷಣ ಬಾಗಿಲು ದಡಾರನೆ ತೆರೆಯಿತು. ಔಷಧಿ ಅಂಗಡಿಯವರು ಮೇಷ್ಟರನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟರು. “ಗೆದ್ರಿ! ನಾನು ಹೇಳಲಿಲ್ವಾ? ಪರೀಕ್ಷೆ ಅಂತ ಹೇಳಲಿಲ್ವಾ?” ದೊಡ್ಡಮ್ಮ ಎರಡೂ ಕೈಯಿಂದ ಮೇಷ್ಟರ ಕೆನ್ನೆ ಹಿಂಡಿ, “ನನ್ನ ಗ್ಲಾಸಿನ ಕಾಲ್ಗುಣ” ಎಂದರು. ಬೇಕರಿಯಣ್ಣ ಮದುವೆಯ ದಿನ ಇದೇ ವೈನನ್ನು ಒಂದು ಡ್ರಮ್ಮು ಬೆರೆಸಬೇಕೆಂದೂ, ತನ್ನ ಅಡುಗೆಯ ವೈನಿಗೆ ಹೊಸ ಲೇಬಲ್ಲು ಮಾಡಿಸಬೇಕೆಂದೂ ಆಗಲೇ ಮೇಜಿನ ಸುತ್ತ ಓಡಾಡತೊಡಗಿದ್ದ.

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅಕ್ಕ ಬಾಗಿಲಿಗೆ ಬಂದು ತಮ್ಮನ ಮುಖ ನೋಡಿದಳು. ಮೇಷ್ಟರು ಅಕ್ಕನ ಮುಖ ನೋಡಿದರು. ನಿಜ ಹೇಳೋಣ ಎಂದು ಬಾಯಿ ತೆರೆದರು. ಅಷ್ಟರಲ್ಲಿ ಮೂವರೂ ಕುರ್ಚಿ ಎಳೆದುಕೊಂಡು ಕೂತಿದ್ದರು. ಡಾಕ್ಟರಮ್ಮ ಬಿಟ್ಟು ಹೋದ ಮೀನನ್ನು ಹಂಚಿಕೊಳ್ಳುತ್ತ, ಉಳಿದ ವೈನನ್ನು ಸುರಿದುಕೊಳ್ಳುತ್ತ, ಮದುವೆಗೆ ಯಾರು ಯಾರನ್ನು ಕರೆಯಬೇಕು ಎಂದು ಜಗಳ ಶುರು ಮಾಡಿದ್ದರು. ಅಷ್ಟು ಸಂತೋಷವಾಗಿದ್ದವರ ಬಾಯಿಂದ ಊಟ ಕಿತ್ತುಕೊಳ್ಳಲು ಮೇಷ್ಟರಿಗೆ ಮನಸ್ಸು ಬರಲಿಲ್ಲ.

“ನಿಮಗೂ ಸ್ವಲ್ಪ ಹಾಕಲಾ, ಮದುಮಗನಿಗೆ?” ಎಂದರು ಔಷಧಿ ಅಂಗಡಿಯವರು.

“ಹಾಕಿ” ಎಂದರು ಮೇಷ್ಟರು. “ಟೀ ಕಪ್ಪಿಗೆ.”